ಬೇವಿನ ಬುಡದ ಒಂಬತ್ತನೇ ಕಲ್ಲು

ಹೊಲದ ಮನೆ, ಮೈಂದರ್ಗಿ ರಸ್ತೆ
ತಾಲೂಕು ಅಕ್ಕಲಕೋಟ
೧೮ ಆಗಸ್ಟ್ ೨೦೨೫, ಶ್ರಾವಣ ಸೋಮವಾರ

ನನ್ನವ್ವಾ ಶ್ರದ್ಧಾ,

ಹೆಸರಿನ ಮುಂದೆ ‘ಚಿ. ಸೌ.’ ಎಂದು ಬರೆಯದಿದ್ದರೆ ಸಲಗರದ ನಿನ್ನ ಅತ್ತೆಮಾವ ಏನಂದಾರು ಎಂದು ನಿನ್ನ ಅಜ್ಜಿ ಸೋನಾಬಾಯಿ ಪಕ್ಕದಲ್ಲೇ ಕುಳಿತು ಗದರಿಸುತ್ತಿದ್ದಾಳೆ. ಬರೆಯಹೋದೆ, ಪೆನ್ನು ಸಾಗಲಿಲ್ಲ. ಇಪ್ಪತ್ತು ವರ್ಷ ಬರೀ ಶ್ರದ್ಧಾ ಎಂದು ಕೂಗಿ, ಬೈದು, ಮುದ್ದು ಮಾಡಿದ ಬಾಯಿ ಇದು. ಆ ಎರಡು ಅಕ್ಷರ ಲಕೋಟೆಯ ಮೇಲೆ ಹಾಕುತ್ತೇನೆ, ಒಳಗೆ ಬೇಡ. ಮೊದಲು ಹೇಳು, ಆರೋಗ್ಯ ಹೇಗಿದೆ? ಬಲಗಾಲಿನ ಹಿಮ್ಮಡಿ ಇನ್ನೂ ಬೆಳಗಿನ ಹೊತ್ತು ಹಿಡಿಯುತ್ತದೆಯೇ? ಆ ಕಡೆಯ ನೀರು ಸವುಳು ಎನ್ನುತ್ತಾರೆ, ಹೊಟ್ಟೆಗೆ ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲರದೂ ಆದ ಮೇಲೆ ತಳ ಬಳಿದು ಉಣ್ಣುವ ಹೊಸ ಸೊಸೆಯರ ಚಾಳಿ ಕಲಿಯಬೇಡ, ಕಲಿತೆ ಎಂದು ಗೊತ್ತಾದರೆ ಅಲ್ಲಿಗೇ ಬಂದು ಬೈಯುತ್ತೇನೆ. ನಿನ್ನ ಗಂಡ ಪ್ರಸಾದ ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಿಗೆ ಕನ್ನಡ ಮಾತಾಡಲು ಬರುತ್ತದೆಯೇ ಹೊರತು ಓದಲು ಬರುವುದಿಲ್ಲ. ಅದಕ್ಕಾಗಿಯೇ ಈ ಪತ್ರ ಕನ್ನಡದಲ್ಲಿದೆ. ನೀನೂ ಮರಾಠಿ ಸಾಲಿಯವಳೇ, ಅಜ್ಜಿ ಅಂಗಳದಲ್ಲಿ ಸುಣ್ಣದಿಂದ ಬರೆದು ಕಲಿಸಿದಷ್ಟೇ ಕನ್ನಡ ನಿನ್ನದು. ಬೆರಳಿಟ್ಟು ನಿಧಾನವಾಗಿ ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನು ಮಾಡಿದಾಗಲೆಲ್ಲ ನಿನ್ನ ಹಿಂದೆ ಯಾರಾದರೂ ಇರುತ್ತಾರೆ. ನೀನು ‘ಆರಾಮ ಇದ್ದೀನಿ ಅಜ್ಜಾ’ ಎನ್ನುತ್ತೀ, ನಾನು ‘ಮಳಿ ಬಂತೇನ’ ಎನ್ನುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಇಲ್ಲಿಯ ಸುದ್ದಿ ಕೇಳು. ನಿನ್ನ ಅಜ್ಜಿಯ ಮೊಣಕಾಲು ಶ್ರಾವಣದ ತಂಪಿಗೆ ಬಿಗಿದುಕೊಂಡಿವೆ, ಬಾಯಿ ಮಾತ್ರ ಸಡಿಲವಾಗಿಯೇ ಇದೆ. ತೊಗರಿ ಚೆನ್ನಾಗಿ ಎದ್ದಿದೆ. ಕರಿ ಎಮ್ಮೆ ಈದಿತು, ಹೆಣ್ಣು ಕರು. ನಿನ್ನ ತಮ್ಮ ಸ್ವಪ್ನಿಲ ದಿನಾ ಅಕ್ಕಲಕೋಟದ ಕಾಲೇಜಿಗೆ ಹೋಗುತ್ತೇನೆ ಎನ್ನುತ್ತಾನೆ, ಎಲ್ಲಿಗೆ ಹೋಗುತ್ತಾನೋ ಶಿವನೇ ಬಲ್ಲ. ಪಂಚಮಿಗೆ ನಿನ್ನನ್ನು ಕರೆತರಲು ಅವನನ್ನೇ ಕಳಿಸಿದ್ದೆವು. ಲಗ್ನವಾದ ಮೊದಲ ಪಂಚಮಿ. ನಿನ್ನ ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಎರಡು ಡಬ್ಬಿ ತುಂಬಿಸಿಟ್ಟಿದ್ದಳು. ನಾನು ಮೊಣಕಾಲು ನೋವು ಮರೆತು ಬೇವಿನ ಗಿಡ ಹತ್ತಿ ಜೋಕಾಲಿಗೆ ಹಗ್ಗ ಬಿಗಿದಿದ್ದೆ. ಸ್ವಪ್ನಿಲ ಒಬ್ಬನೇ ಗಾಡಿಯಿಂದ ಇಳಿದ. ‘ಅಕ್ಕ ಬರಂಗಿಲ್ಲಂತ ಅಜ್ಜಾ. ಆ ರಸ್ತಾ ನೋಡಾಕ ಆಗಂಗಿಲ್ಲಂತ’ ಅಂದ. ನಿನ್ನ ಅವ್ವ ಅಳುತ್ತ ಒಳಗೆ ಹೋದಳು. ನಾನು ಗಿಡ ಹತ್ತಿ ಹಗ್ಗ ಬಿಚ್ಚಿದೆ. ಆ ರಸ್ತೆಯ ಮೇಲೆ ನೀನು ಯಾವ ತಪ್ಪೂ ಮಾಡಿಲ್ಲ, ಶ್ರದ್ಧಾ. ಡಿಸೆಂಬರದಲ್ಲಿ ಚಿಂಚೋಳಿಯ ಜಿಲ್ಲಾ ಓಟದಲ್ಲಿ ನೀನು ಸೋತದ್ದು ನನ್ನಿಂದ. ಅದನ್ನು ಹೇಳಲು ಕುಳಿತಿದ್ದೇನೆ. ನಡುನಡುವೆ ಬೇರೆ ಮಾತು ನುಗ್ಗಿದರೆ ಸಹಿಸಿಕೋ.

ನಮ್ಮ ಕಲ್ಲಿನಿಂದ ಶುರು ಮಾಡಬೇಕು. ನಿನಗೆ ಬುದ್ಧಿ ತಿಳಿದಾಗಿನಿಂದ ಅದು ನಮ್ಮ ದೇವರು. ‘ಮೈಂದರ್ಗಿ ೯’ ಎಂಬ ಕಿಲೋಮೀಟರಿನ ಬರಹ ಕುಂಕುಮದ ಅಡಿ ಎಲ್ಲೋ ಹುದುಗಿದೆ. ಅದು ದೇವರಾದದ್ದು ಹೇಗೆಂದರೆ, ನಿನ್ನ ಅಪ್ಪ ಗುರುಸಿದ್ಧ ಹುಟ್ಟಿದ್ದು ಅದರ ಬಳಿ. ದವಾಖಾನೆಗೆಂದು ಎತ್ತಿನ ಗಾಡಿ ಹೂಡಿದ್ದೆ, ಹೊಲದ ದಾರಿ ಬಿಟ್ಟು ರಸ್ತೆಗೆ ಬಂದು ಸ್ವಲ್ಪ ದೂರ ಹೋಗುವಷ್ಟರಲ್ಲೇ ಹೆರಿಗೆ ಶುರುವಾಯಿತು. ನಿನ್ನ ಅಜ್ಜಿ ಗಾಡಿಯಿಂದ ಇಳಿದು ಆ ಕಲ್ಲನ್ನೇ ತಬ್ಬಿಕೊಂಡಳು. ಅಂದಿನಿಂದ ಪ್ರತಿ ಸೋಮವಾರ ಅದಕ್ಕೆ ನೀರು, ಕುಂಕುಮ, ಕಾಯಿ. ಅವಳನ್ನು ನೋಡಿ ಊರ ಬಸುರಿಯರೂ ಶುರು ಮಾಡಿದರು. ನಿನಗೆ ಹತ್ತು ವರ್ಷವಿದ್ದಾಗ ರಸ್ತೆ ಅಗಲ ಮಾಡುವವರು ಬಂದರು. ಉಳಿದ ಕಲ್ಲುಗಳನ್ನೆಲ್ಲ ಕಿತ್ತು ನೇರ ಪಕ್ಕಕ್ಕೆ ಸರಿಸಿ ನೆಟ್ಟರು. ನಮ್ಮದರ ಮುಂದೆ ಬಂದವರು ಕುಂಕುಮ ನೋಡಿ ಸಲಿಕೆ ಕೆಳಗಿಟ್ಟರು. ‘ಆಜೋಬಾ, ಹಾ ದೇವ ಆಹೆ. ತುಮ್ಹೀಚ ಕಾಢಾ’ ಎಂದರು. ದೇವರಂತೆ, ನಾವೇ ತೆಗೆಯಬೇಕಂತೆ. ನಾನು ಎತ್ತು ಹೂಡಿ ಎಳೆಸಿದೆ. ಮೊದಲಿನ ಜಾಗದ ಪಕ್ಕದಲ್ಲೇ ನೆಡಬೇಕೆಂದಿದ್ದೆ. ಅಜ್ಜಿ ಬಿಡಲಿಲ್ಲ. ‘ಬಿಸಲಾಗ ಕುಂತು ಪೂಜಿ ಮಾಡಿ ಮಾಡಿ ನನ್ನ ನೆತ್ತಿ ಸುಟ್ಟದ. ಆ ಬೇವಿನ ನೆಳ್ಳಿಗಿ ಒಯ್ರಿ’ ಎಂದಳು. ಬೇವು ಇರುವುದು ಎಂಟನೇ ಕಲ್ಲಿನ ದಿಕ್ಕಿಗೆ, ಎಂಬತ್ತು ಮೀಟರ್ ಈಚೆ. ಅಲ್ಲಿ ನೆಟ್ಟೆ, ಕಾಯಿ ಒಡೆದೆ, ಮನೆಗೆ ಬಂದು ಉಂಡೆ. ಅದು ರಸ್ತೆಯ ಅಳತೆಯ ಕಲ್ಲು ಎಂಬುದು ಆಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ನೀನು ಓಡಲು ಶುರು ಮಾಡಿದ್ದು ಆಮೇಲೆ ಎಷ್ಟೋ ವರ್ಷಕ್ಕೆ. ನಿನ್ನ ಸಾಲಿಯ ಶಿವಶರಣ ಸರ್ ಬದಲಿಯಾಗಿ ಹೋಗುವಾಗ ಮನೆಗೆ ಬಂದು ತಮ್ಮ ಸ್ಟಾಪ್‌ವಾಚನ್ನು ನನ್ನ ಕೊರಳಿಗೆ ಹಾಕಿದರು. ‘ಅಜ್ಜಾರ, ಈಕಿ ಐದ ಕಿಲೋಮೀಟರದಾಕಿ ಅದಾಳ. ಈಕಿಗಿ ವೇಗ ಕಲಸೂದ ಬ್ಯಾಡ್ರಿ, ಅದು ಅದ. ವೇಗ ಹಂಚೂದ ಕಲಸ್ರಿ’ ಎಂದರು. ಹಂಚುವುದು ನನಗೆ ಗೊತ್ತಿದ್ದ ವಿದ್ಯೆ. ನಲವತ್ತು ವರ್ಷ ಕೂರಿಗೆಯ ಹಿಂದೆ ನಡೆದಿದ್ದೇನೆ. ಜೋಳ ಬಿತ್ತುವಾಗ ಎತ್ತು ಜಿಗಿದರೆ ಬೀಜ ತೆಳುವಾಗುತ್ತದೆ, ತಡೆದರೆ ಒಂದೇ ಕಡೆ ಸುರಿಯುತ್ತದೆ, ಒಂದೇ ನಡೆಯಲ್ಲಿ ನಡೆದರೆ ಮಾತ್ರ ಸಾಲಿನ ತುಂಬ ಸಮನಾಗಿ ಹುಟ್ಟುತ್ತದೆ. ಅದನ್ನೇ ನಿನಗೆ ಹೇಳಿದೆ. ‘ದಮ್ಮ ಅಂದ್ರ ಬೀಜ ಇದ್ದಂಗ. ಮೊದಲನೇ ಸಾಲಿಗೇ ಚೆಲ್ಲಿದ್ರ ಕಡೀ ಸಾಲಿಗಿ ಏನ ಹಾಕ್ತಿ?’ ನೀನು ತಲೆಯಾಡಿಸಿದೆ. ಮೂರು ಹೆಜ್ಜೆಗೆ ಉಸಿರು ಒಳಗೆ, ಮೂರು ಹೆಜ್ಜೆಗೆ ಹೊರಗೆ ಎಂದು ನೀನೇ ಒಂದು ಲೆಕ್ಕ ಮಾಡಿಕೊಂಡೆ. ಬೇವಿನ ಬುಡದ ಕಲ್ಲು ಮುಟ್ಟಿ ಹೊರಟರೆ ಎಂಟನೇ ಕಲ್ಲಿಗೆ ಒಂದು ಕಿಲೋಮೀಟರ್, ಏಳಕ್ಕೆ ಎರಡು, ಅದರಾಚೆಯ ಮೋರಿಗೆ ಎರಡೂವರೆ. ಅಲ್ಲಿ ತಿರುಗಿ ಅದೇ ದಾರಿಯಲ್ಲಿ ಬಂದು ಮತ್ತೆ ಕಲ್ಲು ಮುಟ್ಟಿದರೆ ಐದು. ಹಿಂದೆ ನಾನು ಹಳೆಯ ಲೂನಾ ಮೇಲೆ, ತಲೆಗೆ ಮಫ್ಲರ್ ಸುತ್ತಿಕೊಂಡು. ‘ಅಮೃತಪ್ಪ ಮೊಮ್ಮಗಳನ್ನ ಹೊಡಕೊಂಡ ಹೊಂಟಾನ ನೋಡ್ರಿ’ ಎಂದು ಜನ ನಗುತ್ತಿದ್ದರು, ನೆನಪಿದೆಯೇ? ನಕ್ಕೊಂಡು ಹಾಳಾಗಲಿ ಎಂದು ನಾವಿಬ್ಬರೂ ನಗುತ್ತಿದ್ದೆವು. ನನ್ನ ಎಪ್ಪತ್ತು ವರ್ಷದಲ್ಲಿ ಅಂಥ ಮುಂಜಾನೆಗಳು ಇನ್ನೆಂದೂ ಬಂದಿಲ್ಲ.

ಜಗಳ ಶುರುವಾದದ್ದು ಮೊದಲ ಕಿಲೋಮೀಟರಿನ ಮೇಲೆ. ಎಂಟನೇ ಕಲ್ಲಿನ ಬಳಿ ಗಡಿಯಾರ ಒತ್ತಿದರೆ ಮೂರು ನಿಮಿಷ ನಲವತ್ತೊಂದು ಸೆಕೆಂಡ್. ಆಮೇಲೆ ಎರಡನೆಯದು ನಾಲ್ಕು ನಿಮಿಷ, ಮೂರನೆಯದು ನಾಲ್ಕು, ನಾಲ್ಕನೆಯದೂ ನಾಲ್ಕು. ಕೊನೆಯದು ಮತ್ತೆ ಮೂರು ನಲವತ್ತೊಂದು. ‘ಕಟ್ಟಿ ಬಿಚ್ಚಿದ ಹೋರಿಗತೆ ಯಾಕ ಜಿಗೀತಿ? ಮೊದಲನೇದ್ದಕ್ಕ ಹತ್ತೊಂಬತ್ತ ಸೆಕೆಂಡ ಚೆಲ್ಲಿ ಬಂದಿ!’ ಎಂದು ನಾನು ಲೂನಾ ಮೇಲಿಂದಲೇ ಕೂಗುತ್ತಿದ್ದೆ. ನೀನು ಓಡುತ್ತಲೇ ‘ಇಲ್ಲ ಅಜ್ಜಾ, ಒಂದ ನಡಿಯಾಗ ಓಡಾಕತ್ತೀನಿ’ ಎನ್ನುತ್ತಿದ್ದೆ. ‘ಗಡಿಯಾರ ಸುಳ್ಳ ಹೇಳತದೇನ?’ ಎಂದು ನಾನು. ಒಂದು ತಿಂಗಳು ಇದೇ ನಡೆಯಿತು. ನಿನ್ನ ಕಣ್ಣಲ್ಲಿ ನೀರು ಬರುವಷ್ಟು ಬೈದ ದಿನಗಳೂ ಇದ್ದವು. ಈಗ ಕುಳಿತು ಯೋಚಿಸುತ್ತೇನೆ, ಜಿಗಿಯುವ ಹೋರಿ ಒಂದು ದಿನ ಹೆಚ್ಚು ಜಿಗಿಯುತ್ತದೆ, ಒಂದು ದಿನ ಕಡಿಮೆ. ನಿನ್ನದು ದಿನಾ ಅದೇ ಮೂರು ನಲವತ್ತೊಂದು, ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಇಷ್ಟು ಹೊಳೆಯಲಿಲ್ಲವಲ್ಲ ಈ ತಲೆಗೆ! ಕೂರಿಗೆ ಹಿಂದೆ ನಡೆದವನ ಕಣ್ಣು ಎಲ್ಲಿ ಹೋಗಿತ್ತು? ನೀನು ನನ್ನ ಎದುರಿಗೇ ಸಮ ನಡೆಯಲ್ಲಿ ಓಡುತ್ತಿದ್ದೆ. ನಾನು ಕೈಯಲ್ಲಿದ್ದ ಗಡಿಯಾರ ಮಾತ್ರ ನೋಡಿದೆ, ಕಾಲು ನೋಡಲಿಲ್ಲ.

ನೀನು ಹೇಳಿಯೂ ಹೇಳಿದೆ. ಒಂದು ದಿನ ಸ್ವಪ್ನಿಲನ ಫೋನನ್ನು ತೋಳಿಗೆ ಕಟ್ಟಿಕೊಂಡು ಓಡಿ ಬಂದು ತೋರಿಸಿದೆ. ‘ಅಜ್ಜಾ, ಇದು ಐದ ಕಿಲೋಮೀಟರ್ ಅಲ್ಲಂತ. ನಾಕ ಪಾಯಿಂಟ ಎಂಬತ್ನಾಕ ಅಂತ ತೋರಸಾಕತ್ತದ’ ಎಂದೆ. ನಾನು ಏನೆಂದೆ ಎಂಬುದು ನಿನಗೂ ನೆನಪಿದೆ, ನನಗೂ ನೆನಪಿದೆ. ‘ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ. ಸರಕಾರದವರು ನೆಟ್ಟ ಕಲ್ಲ ಸುಳ್ಳು, ನಿನ್ನ ಆಟಗಿ ಫೋನ್ ಖರೇನ?’ ಎಂದೆ. ಸ್ವಪ್ನಿಲ ಕಿಸಕ್ಕನೆ ನಕ್ಕ. ನೀನು ಫೋನು ಬಿಚ್ಚಿ ಅವನ ಕೈಗೆ ಕೊಟ್ಟೆ, ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಸರಕಾರ ನೆಟ್ಟ ಕಲ್ಲಂತೆ! ನೆಟ್ಟವನು ನಾನೇ, ನಿಂತು ಮಾತಾಡಿದವನೂ ನಾನೇ. ನೆಲವೇ ಡೊಂಕಿತ್ತು, ನನ್ನವ್ವಾ. ಎಂಬತ್ತು ಹೋಗುವಾಗ, ಎಂಬತ್ತು ಬರುವಾಗ, ಒಟ್ಟು ನೂರ ಅರವತ್ತು ಮೀಟರ್ ಕಡಿಮೆ.

ಬೈದು ಬೈದು ಸಾಕಾಗಿ ನಾನು ಸೋತೆ, ಸೋತವನಂತೆ ಸುಮ್ಮನಿರದೆ ಒಂದು ಹೊಸ ಜಾಣತನ ತೆಗೆದೆ. ಹೋರಿಯ ಗುಣ ಹೋರಿಗೆ, ಈಕೆಯ ಗುಣವೇ ಮೊದಲು ಜಿಗಿಯುವುದು, ಜಿಗಿದರೂ ಕೊನೆಗೆ ದಮ್ಮು ಉಳಿಸಿಕೊಳ್ಳುತ್ತಾಳಲ್ಲ, ಹಾಗಾದರೆ ಹಾಗೆಯೇ ಓಡಲಿ ಎಂದುಕೊಂಡೆ. ಒಟ್ಟು ಹತ್ತೊಂಬತ್ತು ನಿಮಿಷ ಇಪ್ಪತ್ತೆರಡು ಸೆಕೆಂಡ್ ಬರುತ್ತಿತ್ತು. ಜಿಲ್ಲೆಯಲ್ಲಿ ಯಾರೂ ನಿನ್ನ ಹತ್ತಿರ ಸುಳಿಯುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದೆ. ನಿನ್ನ ಅಪ್ಪನಿಗೂ ಹೇಳಿದೆ. ಅವನು ಆಗಲೇ ಗಂಡು ನೋಡಲು ಶುರು ಮಾಡಿದ್ದ. ‘ಇಪ್ಪತ್ತರ ಒಳಗಿನವರ ಓಟ ಇದ ಕಡೀದು. ಮೊದಲ ಮೂರರಾಗ ಬಂದು ಜಿಲ್ಲಾ ತಂಡದಾಗ ಹೆಸರ ಬಂದ್ರ ಎರಡ ವರ್ಷ ಲಗ್ನದ ಮಾತ ಎತ್ತಂಗಿಲ್ಲ. ಬರಲಿಲ್ಲ ಅಂದ್ರ ನಾ ಅಂದಂಗ ಆಗಬೇಕು’ ಎಂದ. ನೀನು ಒಪ್ಪಿದೆ. ನಾನು ಮೀಸೆ ತಿರುವಿದೆ. ಓಟದ ಮುಂಜಾನೆ ಬಸ್ಸಿನಲ್ಲಿ ನಿನ್ನ ಎಡಗೈ ಹಿಡಿದು ಅಂಗೈ ಮೇಲೆ ಪೆನ್ನಿನಿಂದ ಐದು ಅಂಕಿ ಬರೆದೆ. ಮೂರು ನಲವತ್ತೊಂದು, ನಾಲ್ಕು, ನಾಲ್ಕು, ನಾಲ್ಕು, ಮೂರು ನಲವತ್ತೊಂದು. ಕಚಗುಳಿಯಾಗಿ ನೀನು ನಗುತ್ತಿದ್ದೆ.

ಚಿಂಚೋಳಿ ಎಂಐಡಿಸಿಯ ರಸ್ತೆಗಳು ರವಿವಾರ ಎಷ್ಟು ಖಾಲಿ ಇರುತ್ತವೆ ಎಂದು ಅಂದೇ ನೋಡಿದೆ. ಕಾರ್ಖಾನೆಗಳ ಬಾಗಿಲು ಮುಚ್ಚಿದ್ದವು. ಚಕ್ರ ಉರುಳಿಸಿ ಅಳೆದು ಪ್ರತಿ ಕಿಲೋಮೀಟರಿಗೆ ಸುಣ್ಣದ ಗೆರೆ ಹೊಡೆದಿದ್ದರು. ಅಲ್ಲಿಯೂ ಹೋಗಿ ತಿರುಗಿ ಬರುವ ದಾರಿಯೇ, ಹಾಗಾಗಿ ಹೋಗುವಾಗಿನ ಒಂದನೇ ಗೆರೆಯೇ ಬರುವಾಗಿನ ನಾಲ್ಕನೆಯದು. ನಾನು ಅಲ್ಲಿ ನಿಂತೆ. ನೀನು ಆರನೆಯವಳಾಗಿ ಬಂದೆ. ಮುಖ ತಣ್ಣಗಿತ್ತು, ಭುಜ ಸಡಿಲವಾಗಿತ್ತು, ಬೇವಿನ ಬುಡದಿಂದ ಹೊರಟು ಬಂದವಳಂತೆಯೇ ಬಂದೆ. ಗಡಿಯಾರ ಒತ್ತಿದೆ, ಮೂರು ಐವತ್ತೊಂಬತ್ತು. ‘ಹದಿನೆಂಟ ಸೆಕೆಂಡ ಹಿಂದ ಬಿದ್ದಿ! ಸತ್ತೇನ? ಜಿಗಿ! ಜಿಗಿ!’ ಎಂದು ಕೂಗಿದೆ. ನೀನು ಒಂದು ಕ್ಷಣ ನನ್ನ ಕಡೆ ನೋಡಿದೆ. ಆ ನೋಟ ನನಗೆ ಈಗ ಅರ್ಥವಾಗುತ್ತದೆ. ನಿನ್ನ ಕಾಲು ಎಲ್ಲ ಬರೋಬರ ಇದೆ ಎನ್ನುತ್ತಿತ್ತು, ನಿನ್ನ ಅಜ್ಜ ಇಲ್ಲ ಎನ್ನುತ್ತಿದ್ದ. ನೀನು ಕಾಲಿನ ಮಾತು ಬಿಟ್ಟು ಅಜ್ಜನ ಮಾತು ಕೇಳಿದೆ.

ಆಮೇಲಿನದು ನಿನಗೆ ಗೊತ್ತಿದ್ದದ್ದೇ. ತಿರುವಿನ ಬಳಿ ನಿಂತಿದ್ದ ಸ್ವಪ್ನಿಲ ಫೋನ್ ಮಾಡಿ ‘ಅಕ್ಕ ಎರಡನೇದಾಕಿ ಅದಾಳ, ಹಾರಾಕತ್ತಾಳ’ ಎಂದು ಕುಣಿದ. ನಾನು ಪಕ್ಕದವರಿಗೆಲ್ಲ ‘ನನ್ನ ಮೊಮ್ಮಗಳು’ ಎಂದು ಹೇಳಿದೆ. ಆಮೇಲೆ ಬರುವವರ ಸಾಲು ಕಂಡಿತು. ಎರಡನೆಯವಳು ನೀನಲ್ಲ, ಮೂರನೆಯವಳೂ ಅಲ್ಲ. ನಾಲ್ಕನೇ ಗೆರೆ ದಾಟುವಾಗ ನೀನು ಏಳನೆಯವಳು, ಕೈ ಪಕ್ಕೆಯ ಮೇಲೆ, ತುಟಿ ಬೆಳ್ಳಗೆ. ಈ ಸಲ ನಾನು ಕೂಗಲಿಲ್ಲ. ನೀನೂ ನನ್ನ ಕಡೆ ನೋಡಲಿಲ್ಲ. ಕೊನೆಗೆ ಒಂಬತ್ತನೆಯವಳಾದೆ, ಇಪ್ಪತ್ತೊಂದು ನಿಮಿಷ ಇಪ್ಪತ್ತನಾಲ್ಕು ಸೆಕೆಂಡ್. ರಸ್ತೆಯ ಬದಿಗೆ ಕುಳಿತು ವಾಂತಿ ಮಾಡಿಕೊಂಡೆ. ನಾನು ಬೆನ್ನು ಸವರಲಿಲ್ಲ. ಹಲಗೆಯ ಮೇಲೆ ಬರೆಯುತ್ತಿದ್ದ ಹೆಸರುಗಳ ಮುಂದೆ ನಿಂತು, ಮೂರನೆಯ ಹುಡುಗಿಯ ವೇಳೆ ಇಪ್ಪತ್ತು ನಿಮಿಷ ಹನ್ನೊಂದು ಸೆಕೆಂಡ್ ಎಂದು ಓದುತ್ತಿದ್ದೆ. ಇಂಥವರಿಗೆ ಸೋತಳಲ್ಲ ಎಂದು ಸಿಟ್ಟು ಬಂತು. ಬಸ್ಸಿನಲ್ಲಿ ಜನರ ಮುಂದೆ ‘ಮನ್ಯಾಗ ಹುಲಿ, ಬೀದ್ಯಾಗ ಇಲಿ’ ಎಂದೆ. ನೀನು ನನ್ನ ಕೈ ಹಿಡಿದುಕೊಂಡೆ. ‘ಅಜ್ಜಾ, ತಪ್ಪ ನಂದ. ನೀ ಹೇಳಿದ್ದ ಬರೋಬರ ಇತ್ತ. ನನ್ನ ಕಾಲಾಗ ದಮ್ಮ ಇಲ್ಲ’ ಎಂದೆ. ನಾನು ಇಲ್ಲ ಎನ್ನಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ನನ್ನನ್ನು ಯಾರಾದರೂ ಹಿಡಿದು ಹೊಡೆಯಬೇಕಿತ್ತು.

ನಿನ್ನ ಅಪ್ಪ ಮಾತು ಅಂದರೆ ಮಾತು ಎಂದ. ಅವನನ್ನು ಬೈಯಲಾರೆ, ಅವನು ಕೇಳಿದ್ದು ನನ್ನ ಗಡಿಯಾರದ ಮಾತನ್ನೇ. ನಿನ್ನ ಅವ್ವ ಒಂದು ವರ್ಷ ತಡೆಯೋಣ ಎಂದಳು. ನೀನೇ ‘ಯಾವ ಮಾರಿ ಇಟಗೊಂಡು ಬ್ಯಾಡ ಅನ್ನಲಿ?’ ಎಂದೆ. ಸಲಗರದವರು ಬಂದರು, ನೋಡಿದರು, ಒಪ್ಪಿದರು. ಮೇ ಎಂಟಕ್ಕೆ ಲಗ್ನ ನಿಶ್ಚಯವಾಯಿತು. ಬೂಟುಗಳನ್ನು ತೊಳೆದು, ಒಣಗಿಸಿ ನನ್ನ ಕೈಗೆ ಕೊಟ್ಟು ‘ಯಾರಿಗರೆ ಓಡೋರಿಗಿ ಕೊಡು ಅಜ್ಜಾ’ ಎಂದೆ. ಯಾರಿಗೂ ಕೊಟ್ಟಿಲ್ಲ. ನನ್ನ ಮಫ್ಲರಿನ ಪಕ್ಕದ ಗೂಟಕ್ಕೆ ನೇತುಹಾಕಿದ್ದೇನೆ.

ಈಗ ನನಗೆ ಗೊತ್ತಾದ ಬಗೆ. ಒಂದು ದಿನ, ಯಾವ ದಿನ ಎಂಬುದು ಇರಲಿ, ನಿನ್ನ ಅಜ್ಜಿ ಕಲ್ಲಿಗೆ ಕುಂಕುಮ ಹಚ್ಚುತ್ತ ಸುಮ್ಮನೆ ಮಾತಿಗೆ ಅಂದಳು. ‘ಇವನ್ನ ಆ ಬಿಸಲಾಗಿಂದ ಇಲ್ಲಿ ತಂದಾಗ ಶ್ರದ್ಧಾಗ ಹತ್ತ ವರ್ಷ. ಎತ್ತಿನ ಹಿಂದ ಕುಣಕೋಂತ ಬಂದಿದ್ದಳು.’ ಅವಳು ಊದುಬತ್ತಿ ಹಚ್ಚಲು ಬಾಗಿದಳು. ಅದು ರಸ್ತೆಯ ಅಳತೆಯ ಕಲ್ಲು ಎಂಬುದು ನನಗೆ ಆಗ ನೆನಪಾಯಿತು. ಅವಳು ಒಳಗೆ ಹೋದ ಮೇಲೆ ಸೈಕಲ್ ತೆಗೆದು ಹಿಂದಿನ ಚಕ್ರದ ಕಡ್ಡಿಗೆ ಕೆಂಪು ಚಿಂದಿ ಕಟ್ಟಿದೆ. ಎಂಟನೇ ಕಲ್ಲಿನಿಂದ ಏಳರವರೆಗೆ ತಳ್ಳುತ್ತ ಎಣಿಸಿದೆ, ನಾನೂರ ಐವತ್ತೈದು ಸುತ್ತು. ಎಂಟರಿಂದ ಬೇವಿನವರೆಗೆ ಎಣಿಸಿದೆ, ನಾನೂರ ಹದಿನೆಂಟು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಮತ್ತೆ ಅಷ್ಟೇ. ಮೂವತ್ತೇಳು ಸುತ್ತು ಕಡಿಮೆ, ಎಂಬತ್ತು ಮೀಟರ್ ಚಿಲ್ಲರೆ. ರಸ್ತೆಯ ಬದಿಯಲ್ಲಿ ಸೈಕಲ್ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ.

ಲೆಕ್ಕ ಏನೆಂದು ನಿನಗೆ ಸ್ಪಷ್ಟವಾಗಿ ಬರೆಯುತ್ತೇನೆ, ಎರಡು ಸಲ ಓದು. ನಿನ್ನ ಮೊದಲ ಕಿಲೋಮೀಟರ್ ಒಂಬೈನೂರ ಇಪ್ಪತ್ತು ಮೀಟರಿನದು, ಅದಕ್ಕೇ ಮೂರು ನಲವತ್ತೊಂದು. ನೀನು ದಿನಾ ಐದೂ ಕಿಲೋಮೀಟರನ್ನು ನಾಲ್ಕು ನಾಲ್ಕು ನಿಮಿಷಕ್ಕೇ ಓಡಿದ್ದೀ, ಒಂದು ಸೆಕೆಂಡ್ ಆಚೆ ಈಚೆ ಇಲ್ಲ. ಚಿಂಚೋಳಿಯಲ್ಲೂ ಹಾಗೆಯೇ ಹೊರಟಿದ್ದೆ. ನಾನು ಆ ಗೆರೆಯ ಬಳಿ ನಿಲ್ಲದೆ ಚಹಾ ಕುಡಿಯಲು ಹೋಗಿದ್ದರೆ, ಅಥವಾ ನನಗೆ ಆ ದಿನ ಜ್ವರ ಬಂದಿದ್ದರೆ, ಇಪ್ಪತ್ತು ನಿಮಿಷಕ್ಕೆ ಮುಗಿಸುತ್ತಿದ್ದೆ. ಮೂರನೆಯವಳು ಹನ್ನೊಂದು ಸೆಕೆಂಡ್ ನಿನ್ನ ಹಿಂದೆ ಇರುತ್ತಿದ್ದಳು. ತಂಡದಲ್ಲಿ ನಿನ್ನ ಹೆಸರು ಇರುತ್ತಿತ್ತು. ನಿನಗೆ ಓಡಲು ಬರುತ್ತಿತ್ತು, ಹಂಚಲೂ ಬರುತ್ತಿತ್ತು. ಕಲಿಸುವವನಿಗೆ ಏನೂ ಬರುತ್ತಿರಲಿಲ್ಲ.

ಒಂದು ಮಾತು ಬರೆಯದೆ ಪತ್ರ ಮುಗಿಸಲಾರೆ. ನಿನಗೆ ಅರಿಷಿಣ ಹಚ್ಚಿದ ದಿನ, ಮನೆ ತುಂಬ ಹೆಂಗಸರು, ನಾನು ತಲೆನೋವಿನ ನೆಪ ಮಾಡಿಕೊಂಡು ಕೊಟ್ಟಿಗೆಯಲ್ಲಿ ಕುಳಿತಿದ್ದೆ. ನೀನು ಹುಡುಕಿಕೊಂಡು ಬಂದೆ. ಕೈಕಾಲಿಗೆಲ್ಲ ಅರಿಷಿಣ, ಅಂಗೈಯಲ್ಲಿ ಮೆಹಂದಿ. ನಾನು ಅಂಕಿ ಬರೆದ ಅದೇ ಅಂಗೈ. ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತು ಕೇಳಿದೆ. ‘ಅಜ್ಜಾ, ಒಂದ ಮಾತ ಖರೇ ಹೇಳು. ನನ್ನ ಕಾಲಾಗ ದಮ್ಮ ಇತ್ತೋ ಇಲ್ಲೋ? ಇತ್ತ ಅಂತ ನೀ ಒಮ್ಮಿ ಅನ್ನು, ನಾ ಈಗಿಂದೀಗ ಅಪ್ಪನ ಕಾಲ ಹಿಡೀತೀನಿ, ಒಂದ ವರ್ಷ ತಡಿ ಅಂತೀನಿ. ಇಲ್ಲ ಅಂದ್ರ ಇಲ್ಲ ಅನ್ನು, ನಾ ಸುಮ್ಮ ಹೋಗತೀನಿ.’ ನಾನು ‘ಎತ್ತಿಗಿ ನೀರ ಕುಡಸಬೇಕು’ ಎಂದು ಬಕೆಟ್ ಹಿಡಿದು ಎದ್ದು ಹೋದೆ. ತಿರುಗಿ ಬರುವಷ್ಟರಲ್ಲಿ ನೀನು ಹೋಗಿದ್ದೆ. ಎಮ್ಮೆಯ ಬೆನ್ನ ಮೇಲೆ ಐದು ಬೆರಳಿನ ಅರಿಷಿಣ ಇತ್ತು.

ಪಂಚಮಿಗೆ ನೀನು ಬಾರದೆ ಹೋದ ಮೇಲೆ ನಾನು ಕಲ್ಲಿನ ವಿಷಯ ಅಜ್ಜಿಗೆ ಹೇಳಿದೆ. ದೇವರನ್ನು ದೂರಿದರೆ ಅವಳು ನನ್ನನ್ನು ಸುಟ್ಟುಬಿಡುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳು ‘ನನ್ನ ನೆತ್ತಿ ತಂಪಿಗಿ ನನ್ನ ಕೂಸಿನ ಬಾಳೇ ಸುಟ್ಟಿತಲ್ಲರಿ’ ಎಂದು ಅತ್ತಳು. ಎತ್ತು ಹೂಡಿರಿ ಎಂದವಳೂ ಅವಳೇ. ಹಿಂದಿನ ಸೋಮವಾರ ಎಂಟನೇ ಕಲ್ಲಿನಿಂದ ಚಕ್ರದ ಸುತ್ತು ಎಣಿಸಿ, ನಾನೂರ ಐವತ್ತೈದನೆಯದು ನಿಂತಲ್ಲಿ, ರಸ್ತೆಯ ಬದಿಗೆ ಕಲ್ಲನ್ನು ಮತ್ತೆ ನೆಟ್ಟೆವು. ಇಂದು ಅವಳು ಬಯಲಲ್ಲೇ ಕುಳಿತು ಪೂಜೆ ಮಾಡಿದಳು. ಮಳೆ ಹನಿಯಿತು, ನಾನು ಕೊಡೆ ಹಿಡಿದೆ. ಬೇವಿನ ಬುಡದಲ್ಲಿ ಈಗ ಬರೀ ಒಂದು ಗುಂಡಿ ಇದೆ, ಕೋಳಿಗಳು ಕೆದರುತ್ತಿವೆ. ಎಲ್ಲ ಸರಿಯಾಯಿತು ಎಂದು ಹೇಳಲು ಇದನ್ನು ಬರೆಯಲಿಲ್ಲ. ಕಲ್ಲನ್ನು ತಿರುಗಿ ಅದರ ಜಾಗಕ್ಕೆ ತರಬಹುದು, ನಿನ್ನನ್ನು ತರಲಾಗುವುದಿಲ್ಲ ಎಂಬುದು ನನಗೂ ಗೊತ್ತು.

ಮನೆಯಲ್ಲಿ ಎಲ್ಲರೂ ನಿನ್ನನ್ನು ದಿನಾ ನೆನೆಯುತ್ತಾರೆ. ಅತ್ತೆಮಾವನವರಿಗೆ ನಮ್ಮ ಶರಣು ತಿಳಿಸು, ಪ್ರಸಾದನಿಗೆ ಆಶೀರ್ವಾದ. ಮುಂದಿನ ವಾರ ಸ್ವಪ್ನಿಲನ ಕೈಯಲ್ಲಿ ಉಂಡಿಯ ಡಬ್ಬಿ ಕಳಿಸುತ್ತೇನೆ, ಅದನ್ನಾದರೂ ಬೇಡ ಎನ್ನಬೇಡ. ಹಿಮ್ಮಡಿಗೆ ಬಿಸಿನೀರು ಹಾಕುತ್ತಿರು. ನಿನ್ನ ಉಸಿರು ಎಲ್ಲಿದ್ದರೂ ನಿರಾಳವಾಗಿರಲಿ ಎಂದು ಸಿದ್ಧರಾಮನಲ್ಲಿ ಬೇಡಿಕೊಳ್ಳುವ,

ನಿನ್ನ ಅಜ್ಜ
ಅಮೃತಪ್ಪ

ತಾ. ಕ.: ಸ್ವಪ್ನಿಲ ಪೋಸ್ಟಿಗೆ ಒಯ್ಯಲು ಗಾಡಿ ಚಾಲೂ ಮಾಡಿಕೊಂಡು ನಿಂತಿದ್ದಾನೆ. ನಿನ್ನ ಅಜ್ಜಿ ಲಕೋಟೆಗೆ ಹಚ್ಚಲು ಅನ್ನದ ಅಗುಳು ತರಲು ಒಳಗೆ ಹೋಗಿದ್ದಾಳೆ, ಅವಳು ಬರುವುದರೊಳಗೆ ಇದನ್ನು ಬರೆಯಬೇಕು, ಅವಳಿಗೂ ಹೇಳಿಲ್ಲ. ಅಜ್ಜಿ ಆ ಮಾತು ಅಂದ ದಿನ ಯಾವುದು ಎಂದು ಮೇಲೆ ಬಿಟ್ಟುಬಿಟ್ಟೆ. ಅದು ನಿನ್ನ ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ. ಮೊದಲ ಪತ್ರಿಕೆ ದೇವರಿಗೆ ಎಂದು ಕಲ್ಲಿನ ಮುಂದೆ ಇಟ್ಟು ಕುಂಕುಮ ಹಚ್ಚುವಾಗ ಅಂದಳು. ಅಂದೇ ಸಂಜೆ ಚಕ್ರ ಎಣಿಸಿದೆ. ಅರಿಷಿಣದ ಕೈಯಲ್ಲಿ ನೀನು ಕೊಟ್ಟಿಗೆಗೆ ಬಂದು ಕೇಳಿದಾಗ ನನಗೆ ಉತ್ತರ ಗೊತ್ತಾಗಿ ಹನ್ನೆರಡು ದಿನವಾಗಿತ್ತು. ಪತ್ರಿಕೆ ಹಂಚಿ ಆಗಿತ್ತು, ಬೀಗರಿಗೆ ಏನು ಹೇಳುವುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ತಪ್ಪಿದೆ ಎಂದು ನಿನ್ನ ಮುಂದೆ ನಿಂತು ಹೇಳಲು ನನ್ನಲ್ಲಿ ದಮ್ಮು ಇರಲಿಲ್ಲ. ನಿನ್ನಲ್ಲಿ ಇತ್ತು, ನನ್ನವ್ವಾ. ಇತ್ತು.